ಬಣ್ಣ ಕೀಳುವ ಮುನ್ನ

ತುಮಕೂರು, ಗುಬ್ಬಿ, ಕುಣಿಗಲ್‌ಗಳ ಗ್ಯಾರೇಜುಗಳಲ್ಲಿ ಹಳೆಯ ಲಾರಿಯ ಬಣ್ಣವನ್ನು ಕೀಳುವಾಗ ಯಾವ ಪುಡಿ ಅಗ್ಗವೆಂಬುದಕ್ಕಿಂತ, ಯಾವ ಧೂಳು ಕೆಲಸಗಾರನ ಎದೆಯನ್ನು ಸೇರೀತೆಂಬುದೇ ಮೊದಲ ಪ್ರಶ್ನೆಯಾಗಬೇಕು.

ಮರಳನ್ನು ರಭಸದಿಂದ ಎರಚುವ ವಿಧಾನಕ್ಕೆ ಅಮೆರಿಕದ ಟಿಲ್ಗ್‌ಮನ್ 1870ರಲ್ಲಿ ಪೇಟೆಂಟು ಪಡೆದನು. ಆದರೆ ಒಡೆದ ಮರಳಿನ ಸೂಕ್ಷ್ಮ ಧೂಳು ಸಿಲಿಕೋಸಿಸ್ ಎಂಬ ವಾಸಿಯಾಗದ ಶ್ವಾಸಕೋಶರೋಗವನ್ನು ತರುತ್ತದೆ. ಆದುದರಿಂದಲೇ ಬ್ರಿಟನ್ 1949ರ ನಿಯಮಗಳಲ್ಲಿ ಎರಕದ ವಸ್ತುಗಳ ಶುದ್ಧಿಗೆ ಮರಳನ್ನು ನಿಷೇಧಿಸಿತು.

ದಪ್ಪ ಚಾಸಿಗೆ ಗಾರ್ನೆಟ್ ಒಪ್ಪುತ್ತದೆ. ಬಾಗಿಲಿನ ತೆಳು ತಗಡು ಗಡಸು ಕಣಗಳ ಹೊಡೆತಕ್ಕೆ ಸೊಟ್ಟಗಾಗುವುದರಿಂದ ಅದಕ್ಕೆ ಅಡುಗೆ ಸೋಡಾ ಅಥವಾ ಅಕ್ರೋಟಿನ ಚಿಪ್ಪಿನ ಪುಡಿ ಲೇಸು. ತೆಂಗಿನ ಸೀಮೆಯವರಾದ ನಾವು ಕರಟದ ಪುಡಿಯನ್ನೂ ಪರೀಕ್ಷಿಸಬಾರದೇಕೆ?

ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಪುಡಿ ಯಾವುದಾದರೂ ಶುದ್ಧ ಗಾಳಿ ಒದಗಿಸುವ ಮುಸುಕು ಅವಶ್ಯ. ಲಾರಿಯ ಹೊಳಪಿಗಾಗಿ ಮನುಷ್ಯನ ಉಸಿರನ್ನು ತೆರುವುದು ವಿಜ್ಞಾನವಲ್ಲ.