ಕಟ್ಟಡದ ಕೆಲಸದಲ್ಲಿ ಯಂತ್ರವೂ ಸ್ತ್ರೀಯೂ

ಲೆಕ್ಕ, ದೃಷ್ಟಿ, ದುಡಿಮೆ ಈ ಮೂರೂ ಕೂಡಿದಲ್ಲದೆ ಯಾವ ಕಟ್ಟಡವೂ ಏಳಲಾರದು. ನಮ್ಮ ಜಿಲ್ಲೆಯ ಕನ್ನಂಬಾಡಿ ಕಟ್ಟೆಯೇ ಇದಕ್ಕೆ ಸಾಕ್ಷಿ. 1911ರಲ್ಲಿ ಆರಂಭವಾದ ಆ ಮಹಾಕಾರ್ಯದಲ್ಲಿ ಸಿಮೆಂಟಿಗೆ ಬದಲಾಗಿ ಸುರ್ಕಿಯ ಗಾರೆಯನ್ನು ಬಳಸಿ, ಸಹಸ್ರಾರು ಮಂದಿ ವರ್ಷಾನುವರ್ಷ ದುಡಿದರು.

ಈಗ ಕಾಲವು ಬದಲಾಗಿದೆ. ಬೆಂಗಳೂರಿನ ಕೇಂಬ್ರಿಡ್ಜ್ ಬಡಾವಣೆಯಲ್ಲಿ 2023ರ ಆಗಸ್ಟ್ 18ರಂದು ಉದ್ಘಾಟಿತವಾದ ಅಂಚೆ ಕಚೇರಿಯ ಗೋಡೆಗಳನ್ನು, ಗಣಕಯಂತ್ರದ ಆಜ್ಞೆಯಂತೆ ಚಲಿಸುವ ಯಂತ್ರವೊಂದು ಕಾಂಕ್ರೀಟನ್ನು ಪದರಪದರವಾಗಿ ಸುರಿದು ಎಬ್ಬಿಸಿತು. 1,021 ಚದರಡಿಯ ಆ ಕಟ್ಟಡವು 43 ದಿನಗಳಲ್ಲಿ ಮುಗಿಯಿತು.

ಇದಕ್ಕೂ ಮುಂದಿನ ವಿದ್ಯೆಯೊಂದುಂಟು. ಕೆಲಸಗಾರನು ವಿಶೇಷವಾದ ಕನ್ನಡಕವನ್ನು ಧರಿಸಿದರೆ, ಇನ್ನೂ ಕಟ್ಟದಿರುವ ಗೋಡೆಯು ಬರಿಯ ನೆಲದ ಮೇಲೆ ನಿಂತಂತೆ ಕಾಣುವುದು. ರೋಬೋಟಿನ ಕೈ ಮುಂದೆ ಎತ್ತ ಹೊರಳುವುದೆಂಬುದೂ ಮೊದಲೇ ತೋರುವುದು. ತಪ್ಪು ಕಂಡಲ್ಲಿ ಅವನು ಕೈಸನ್ನೆಯಿಂದಲೇ ತಿದ್ದಬಹುದು. ಇದಕ್ಕೆ ಮಿಶ್ರವಾಸ್ತವವೆಂದು ಹೆಸರು. ಇಲ್ಲಿ ಭಾರವು ಯಂತ್ರದ ಪಾಲು, ವಿವೇಚನೆಯು ಮನುಷ್ಯನ ಪಾಲು.

ಯಂತ್ರವು ಬಂದರೆ ಕೂಲಿಯು ಹೋಗುವುದೆಂಬ ಭಯವು ಸುಳ್ಳಲ್ಲ. ಮದ್ದೂರು, ಮಳವಳ್ಳಿಗಳಲ್ಲಿ ಮನೆ ಕಟ್ಟುವ ಸ್ಥಳಗಳನ್ನು ನೋಡಿರಿ. ಗಾರೆಯ ಬಾಂಡ್ಲಿಯನ್ನು ತಲೆಯ ಮೇಲೆ ಹೊರುವವರಲ್ಲಿ ಸ್ತ್ರೀಯರೇ ಬಹಳ. ಕರಣೆಯೂ ತೂಗುಗುಂಡೂ ಅವರ ಕೈಗೆ ಬರುವುದು ಅಪರೂಪ. ಆ ಹೊರೆಯನ್ನು ಯಂತ್ರವು ಹೊತ್ತರೆ ಸಂತೋಷವೇ. ಆದರೆ ಹೊರೆಯೊಡನೆ ಅವರ ಅನ್ನವೂ ಹೋಗಬಾರದು. ಕನ್ನಡಕವು ಪುರುಷನಿಗೆ ದೊರೆತು, ಸ್ತ್ರೀಯು ಬರಿಗೈಯಲ್ಲಿ ಮನೆಗೆ ಹಿಂದಿರುಗುವಂತಾದರೆ ಅದನ್ನು ಪ್ರಗತಿಯೆನ್ನಲಾಗದು. ಆದಕಾರಣ ಯಂತ್ರವನ್ನು ತರುವ ಗುತ್ತಿಗೆದಾರನು ಅದನ್ನು ನಡೆಸುವ ಶಿಕ್ಷಣವನ್ನು ಮೊದಲು ಆ ಹೆಂಗಸರಿಗೆ ಕೊಡಿಸತಕ್ಕದ್ದು. ಸರ್ಕಾರವು ಅದನ್ನು ಕಡ್ಡಾಯವಾಗಿ ವಿಧಿಸತಕ್ಕದ್ದು.

ಪೋಷಕ ಮಹನೀಯರಲ್ಲಿ ನನ್ನದೊಂದು ವಿಜ್ಞಾಪನೆ. ರೇಖಾಗಣಿತವೂ ನಕ್ಷೆ ಬರೆಯುವ ವಿದ್ಯೆಯೂ ಹೆಣ್ಣುಮಕ್ಕಳಿಗೇಕೆಂದು ಕೇಳದಿರಿ. ಯಂತ್ರಕ್ಕೆ ಆಜ್ಞೆಯಿಡುವವರಿಗೆ ಇವೆರಡೂ ಅಕ್ಷರಾಭ್ಯಾಸವಿದ್ದಂತೆ. 1962ರಲ್ಲಿ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ಮಂಡ್ಯದಲ್ಲಿ ಸ್ಥಾಪಿತವಾದಂದಿನಿಂದ ಈ ವಿದ್ಯೆಯು ನಮ್ಮ ಬಾಗಿಲಿಗೇ ಬಂದಿದೆ.

ಪ್ರಿಯ ಪೂರ್ವವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ಸ್ವಂತ ಮನೆಗಳನ್ನು ಕಟ್ಟಿಸುತ್ತಿರುವಿರಿ. ಅಲ್ಲಿ ಬಾಂಡ್ಲಿ ಹೊರುವ ತಾಯಿಯನ್ನು ಒಮ್ಮೆ ಕರೆದು, ಅವಳ ಮಗಳು ಶಾಲೆಗೆ ಹೋಗುತ್ತಿರುವಳೇ ಎಂದು ವಿಚಾರಿಸಿರಿ. ಹೋಗದಿದ್ದರೆ ಅವಳನ್ನು ಸಮೀಪದ ಶಾಲೆಗೆ ಸೇರಿಸಿ, ಪುಸ್ತಕದ ಖರ್ಚನ್ನು ನೀವೇ ವಹಿಸಿಕೊಳ್ಳಿರಿ.