ಸಮವಸರಣವಲ್ಲ, ಗಾಜಿನ ಸೆರೆಮನೆ

ಹಸುವೂ ಹುಲಿಯೂ ಒಂದೇ ತೊಟ್ಟಿಯಲ್ಲಿ ನೀರು ಕುಡಿಯುತ್ತಿರುವ, ಹಸುವಿನ ಕೆಚ್ಚಲಿಗೆ ಹುಲಿಮರಿಯೂ ಹುಲಿಯ ಮೊಲೆಗೆ ಕರುವೂ ಬಾಯಿಟ್ಟಿರುವ ಚಿತ್ರ ಜೈನ ಮನೆಗಳ ಚಿಕ್ಕ ಮಕ್ಕಳಿಗೂ ಪರಿಚಿತವಾದುದು. ಜಿನೇಂದ್ರರ ಸನ್ನಿಧಿಯಲ್ಲಿ ಜಾತಿವೈರವೂ ಕರಗಿಹೋಗುತ್ತದೆಂದು ಸಾರುವ ಈ ಚಿತ್ರಕ್ಕೆ ಈಚೆಗೆ ವಿಚಿತ್ರವಾದ ಉಪಯೋಗವೊಂದು ಒದಗಿಬಂದಿದೆ. ಅನುಕೂಲಸ್ಥರ ಹಜಾರಗಳಲ್ಲಿ ಆಸ್ಕರ್, ಅರೋವಾನ, ಫ್ಲವರ್‌ಹಾರ್ನ್, ಕೆಂಪುಬಾಲದ ಕ್ಯಾಟ್‌ಫಿಶ್ ಮೊದಲಾದ ದೊಡ್ಡ, ಜಗಳಗಂಟ ಮೀನುಗಳನ್ನು ಒಂದೇ ಅಕ್ವೇರಿಯಂನಲ್ಲಿ ಕೂಡಿಹಾಕಿ, ಇದೊಂದು ಪುಟ್ಟ ಸಮವಸರಣವೆಂದು ಅತಿಥಿಗಳಿಗೆ ತೋರಿಸುವವರಿದ್ದಾರೆ. ಅಂಥದೇ ತೊಟ್ಟಿಯನ್ನು ಯಾತ್ರಿನಿವಾಸಕ್ಕೋ ಕಲ್ಯಾಣಮಂಟಪಕ್ಕೋ ದಾನವಾಗಿ ಕೊಟ್ಟು ಪುಣ್ಯ ಗಳಿಸಬಹುದೆಂದು ಭಾವಿಸುವವರೂ ಇದ್ದಾರೆ.

ಸಮವಸರಣಕ್ಕೆ ಪ್ರಾಣಿಗಳು ತಾವಾಗಿಯೇ ಬಂದವು, ತಾವಾಗಿಯೇ ಹೊರಟುಹೋದವು. ಅಲ್ಲಿ ಯಾವ ಜೀವದ ದಾರಿಗೂ ಗಾಜು ಅಡ್ಡವಿರಲಿಲ್ಲ. ಅಕ್ವೇರಿಯಂನಲ್ಲಿ ವೈರ ಕರಗಿರುವುದಿಲ್ಲ. ವೈರದಿಂದ ತಪ್ಪಿಸಿಕೊಳ್ಳುವ ದಾರಿ ಮಾತ್ರ ಮುಚ್ಚಿರುತ್ತದೆ. ಎರಡಕ್ಕೂ ಇರುವ ಅಂತರವನ್ನು ಶ್ರಾವಕನು ಅರಿಯದೆ ಹೋದರೆ ಆ ಚಿತ್ರವನ್ನು ಗೋಡೆಗೆ ತೂಗಿಹಾಕಿ ಪ್ರಯೋಜನವೇನು?

ಈ ಮೀನುಗಳನ್ನು ಸಾಕುವವರು ಮೊದಲು ಹೇಳುವ ಮಾತು, "ಅವು ಹುಟ್ಟಿನಿಂದಲೇ ಕ್ರೂರಿಗಳು, ಕಚ್ಚಾಡುವುದು ಅವುಗಳ ಸ್ವಭಾವ" ಎಂಬುದು. ಇದು ಅರ್ಧಸತ್ಯ. ಆಸ್ಕರ್, ಫ್ಲವರ್‌ಹಾರ್ನ್‌ಗಳು ಸೇರಿರುವ ಸಿಕ್ಲಿಡ್ ಕುಲದ ಮೀನುಗಳಲ್ಲಿ ಆಕ್ರಮಣಕ್ಕೆ ಒಂದು ಮುಖ್ಯ ಕಾರಣ ಸಂತಾನರಕ್ಷಣೆ. ಆಸ್ಕರ್ ದಂಪತಿಗಳು ಕಲ್ಲಿನ ಮೇಲೆ ಮೊಟ್ಟೆಯಿಟ್ಟು, ಅವಕ್ಕೆ ರೆಕ್ಕೆಯಿಂದ ನೀರು ಬೀಸುತ್ತ, ಹತ್ತಿರ ಸುಳಿದವರನ್ನೆಲ್ಲ ಅಟ್ಟುತ್ತವೆ. ಕರುವಿನ ಬಳಿ ಬಂದ ನಾಯಿಯನ್ನು ಹಸು ಕೊಂಬಿನಿಂದ ಓಡಿಸುವುದನ್ನು ಕ್ರೌರ್ಯವೆಂದು ಯಾರೂ ಕರೆಯುವುದಿಲ್ಲ. ನದಿಯಲ್ಲಿ ಅಟ್ಟಿಸಿಕೊಂಡ ಮೀನು ಹತ್ತು ಮಾರು ದೂರ ಈಜಿದರೆ ಜಗಳ ಮುಗಿಯಿತು. ಆಸ್ಟ್ರಿಯಾದ ಪ್ರಾಣಿವರ್ತನಶಾಸ್ತ್ರಜ್ಞ ಕೊನ್ರಾಡ್ ಲೊರೆಂಟ್ಸ್ 1963ರಲ್ಲಿ ಪ್ರಕಟಿಸಿದ ಆಕ್ರಮಣ ಪ್ರವೃತ್ತಿಯ ಕುರಿತಾದ ಗ್ರಂಥದಲ್ಲಿ ಹವಳದ ದಿಬ್ಬದ ಮೀನುಗಳ ಬಗ್ಗೆ ಇದನ್ನೇ ತೋರಿಸಿದ್ದಾನೆ: ಸಮುದ್ರದಲ್ಲಿ ಸೋತ ಮೀನು ಗೆದ್ದದ್ದರ ಎಲ್ಲೆಯನ್ನು ದಾಟಿ ಬದುಕಿಕೊಳ್ಳುತ್ತದೆ, ಗಾಜಿನ ತೊಟ್ಟಿಯಲ್ಲಿ ಅದೇ ಸೋಲು ಸಾವಾಗುತ್ತದೆ.

ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯೆಂದರೆ ಮನೆಯವರ ದೃಷ್ಟಿಯಲ್ಲಿ ದೊಡ್ಡದೇ. ಅದರಲ್ಲಿ ಹಿಡಿಯುವ ನೀರು ಸುಮಾರು 255 ಲೀಟರ್. ಒಂದು ಅಡಿಯವರೆಗೆ ಬೆಳೆಯುವ ಆಸ್ಕರ್ ಮೀನುಗಳು ಅದರಲ್ಲಿ ನಾಲ್ಕಾರು ಇದ್ದರೆ, ಬಲವಾದ ಜೋಡಿಯೊಂದು ಮುಕ್ಕಾಲು ತೊಟ್ಟಿಯನ್ನು ತನ್ನದಾಗಿಸಿಕೊಳ್ಳುತ್ತದೆ. ಉಳಿದವು ಏನಾಗುತ್ತವೆಂಬುದನ್ನು ಅಂಥ ಮನೆಗೆ ಹೋದವರು ತಾವೇ ನೋಡಬಹುದು. ಮೇಲಿನ ಮೂಲೆಯಲ್ಲಿ, ಫಿಲ್ಟರಿನ ಕೊಳವೆಗೆ ಒತ್ತಿಕೊಂಡು, ಬಣ್ಣ ಕಪ್ಪಿಟ್ಟು, ಹರಿದ ರೆಕ್ಕೆಗಳನ್ನು ಮಡಚಿಕೊಂಡು ಒಂದು ಮೀನು ಅಲುಗದೆ ನಿಂತಿರುತ್ತದೆ. ಆಹಾರ ಹಾಕಿದಾಗಲೂ ಅದು ಮುಂದೆ ಬರುವುದಿಲ್ಲ, ಬಂದರೆ ಏಟು. "ಅದು ಸ್ವಲ್ಪ ಮಂಕು" ಎಂದು ಮನೆಯ ಯಜಮಾನರು ನಗುತ್ತಾರೆ.

ಇದಕ್ಕೆ ವ್ಯಾಪಾರಿಗಳು ಕಂಡುಕೊಂಡಿರುವ ಪರಿಹಾರ ಇನ್ನೂ ಆಶ್ಚರ್ಯಕರ. ಜಗಳವಾದರೆ ಮೀನುಗಳನ್ನು ಕಡಿಮೆ ಮಾಡಬೇಡಿ, ಇನ್ನಷ್ಟು ತುಂಬಿಸಿ ಎಂಬುದು ಅವರ ಸಲಹೆ. ಆಫ್ರಿಕಾದ ಮಲಾವಿ ಸರೋವರದ ಬಂಡೆಗಳ ನಡುವೆ ಬದುಕುವ ಬಣ್ಣದ ಸಿಕ್ಲಿಡ್‌ಗಳನ್ನು ಸಾಕುವವರಲ್ಲಿ ಹುಟ್ಟಿಕೊಂಡ ಈ ಯುಕ್ತಿ ಈಗ ದೊಡ್ಡ ಮೀನುಗಳಿಗೂ ಹಬ್ಬಿದೆ. ಕಿಕ್ಕಿರಿದ ತೊಟ್ಟಿಯಲ್ಲಿ ಯಾವ ಮೀನಿಗೂ ಸ್ವಂತ ಜಾಗವೆಂಬುದು ಉಳಿಯದು. ಒಂದನ್ನೇ ಅಟ್ಟಿ ಕೊಲ್ಲುವ ಬದಲು ಏಟುಗಳು ಎಲ್ಲಕ್ಕೂ ಹಂಚಿಹೋಗುತ್ತವೆ. ಹೊರಗಿನಿಂದ ನೋಡುವವರಿಗೆ ಅದು ಶಾಂತಿಯಂತೆ ಕಾಣುತ್ತದೆ. ಹತ್ತು ಜನರ ಕೋಣೆಯಲ್ಲಿ ಐವತ್ತು ಜನರನ್ನು ತುಂಬಿ, ಕೈಯೆತ್ತಲೂ ಜಾಗವಿಲ್ಲದಂತೆ ಮಾಡಿ, ಇಲ್ಲಿ ಹೊಡೆದಾಟವೇ ಇಲ್ಲವೆಂದು ಜೈಲಿನ ಅಧಿಕಾರಿ ಬೀಗಿದರೆ ಅವನನ್ನು ಅಹಿಂಸಾವಾದಿಯೆನ್ನಲು ಸಾಧ್ಯವೆ? ಅಷ್ಟು ಮೀನುಗಳು ವಿಸರ್ಜಿಸುವ ಅಮೋನಿಯ ನೀರಿನಲ್ಲಿ ಸೇರಿ ಕಿವಿರುಗಳನ್ನು ಸುಡುವುದು ಬೇರೆ.

ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹೇಳುವ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಬೇರೆ ಯಾವ ವಿನೋದದಲ್ಲಿಯೂ ಈ ಐದೂ ಒಂದೇ ಕಡೆ ಕೂಡಿಬರುವುದು ಅಪರೂಪ. ಗಾಜು ಬಂಧ. ದಿನವಿಡೀ ಬೀಳುವ ಏಟು ವಧ. ಹರಿದ ರೆಕ್ಕೆ, ಕಿತ್ತ ಕಣ್ಣು ಛೇದ. ತೊಟ್ಟಿ ತಾಳಲಾರದಷ್ಟು ಜೀವಗಳನ್ನು ತುಂಬುವುದು ಅತಿಭಾರಕ್ಕೆ ಸಮಾನ. ಮೂಲೆಯ ಮೀನಿನ ಉಪವಾಸ ಅನ್ನಪಾನನಿರೋಧ. "ಕಚ್ಚಿದ್ದು ಮೀನು, ಮನುಷ್ಯನಲ್ಲ" ಎಂಬ ವಾದ ಇಲ್ಲಿ ನಿಲ್ಲದು. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಾಗಿಲುಗಳನ್ನು ಶಾಸ್ತ್ರಕಾರರು ಇಂಥ ವಾದಗಳನ್ನು ತಡೆಯಲೆಂದೇ ಇಟ್ಟಿದ್ದಾರೆ. ಎರಡು ಮೀನು ಎದುರುಬದುರಾಗಿ ಬಾಯಿ ಕಚ್ಚಿ ಹಿಡಿದಾಗ ಸೋಫಾದಿಂದೆದ್ದು ಯಾವುದು ಗೆಲ್ಲುತ್ತದೆಂದು ಕಾತರದಿಂದ ನೋಡುವುದಕ್ಕೂ ಹೆಸರಿದೆ. ಇತರ ಜೀವಿಗಳ ಸೋಲುಗೆಲುವು, ಸೆರೆ, ಅಂಗಹಾನಿಗಳನ್ನು ಮನಸ್ಸಿನಲ್ಲಿ ಬಯಸುವುದನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅಪಧ್ಯಾನವೆಂದು ಕರೆದು ಅನರ್ಥದಂಡಗಳ ಸಾಲಿಗೆ ಸೇರಿಸಿದ್ದಾರೆ. ಗೃಹಸ್ಥನಿಗೆ ಆರಂಭಿ, ಉದ್ಯೋಗಿ, ವಿರೋಧಿ ಹಿಂಸೆಗಳು ಪೂರ್ತಿಯಾಗಿ ತಪ್ಪಲಾರವು. ಅಕ್ವೇರಿಯಂ ಅಡುಗೆಗಾಗಿ ಅಲ್ಲ, ಜೀವನೋಪಾಯಕ್ಕಲ್ಲ, ಆತ್ಮರಕ್ಷಣೆಗೂ ಅಲ್ಲ. ಹಾಗಿದ್ದ ಮೇಲೆ ಅದು ಯಾವ ಲೆಕ್ಕಕ್ಕೆ ಸೇರಬೇಕು?

ಇನ್ನು ಆಹಾರದ ಪ್ರಶ್ನೆ. ಇದನ್ನು ಕೇಳಿದರೆ ಅನೇಕರು ಮಾತು ಬದಲಾಯಿಸುತ್ತಾರೆ. ಈ ದೊಡ್ಡ ಮೀನುಗಳು ಸಿಗಡಿ, ಎರೆಹುಳು, ಚಿಕ್ಕ ಮೀನುಗಳನ್ನು ತಿನ್ನುವವು. ಅಂಗಡಿಗಳಲ್ಲಿ ಇವುಗಳ ಬಾಯಿಗೆ ಹಾಕಲೆಂದೇ ಮರಿ ಗೋಲ್ಡ್‌ಫಿಶ್‌ಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಾರುತ್ತಾರೆ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ, ಆಲೂಗಡ್ಡೆ ಈರುಳ್ಳಿಗಳನ್ನು ಹೊಸ್ತಿಲೊಳಗೆ ತಾರದ, ನೀರನ್ನು ಸೋಸದೆ ಕುಡಿಯದ ಮನೆಯ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿದ ಸಿಗಡಿಯ ಪೊಟ್ಟಣ! ಕೆಲವರು ಪೆಲೆಟ್ ಮಾತ್ರ ಹಾಕುತ್ತೇವೆಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಆ ಪೆಲೆಟ್ಟಿನ ಡಬ್ಬಿಯ ಹಿಂಬದಿಯನ್ನು ಒಮ್ಮೆ ಓದಲಿ. ಅದರಲ್ಲಿ ಮೊದಲು ಬರುವುದು ಸಾಮಾನ್ಯವಾಗಿ ಮೀನಿನ ಪುಡಿಯೇ.

ಮೃಗಸೇನನೆಂಬ ಬೆಸ್ತನ ಕಥೆ ಹರಿಷೇಣನ ಬೃಹತ್ಕಥಾಕೋಶದಲ್ಲಿದೆ. ಬಲೆಗೆ ಮೊದಲು ಬಿದ್ದ ಮೀನನ್ನು ಬಿಟ್ಟುಬಿಡುವೆನೆಂದು ಮುನಿಗಳಲ್ಲಿ ವ್ರತ ತೊಟ್ಟು, ಮನೆಯಲ್ಲಿ ಹೆಂಡತಿಯ ಕೋಪಕ್ಕೆ ಗುರಿಯಾಗಿಯೂ ಅದನ್ನು ಪಾಲಿಸಿದವನು ಆತ. ಮೀನು ಹಿಡಿದೇ ಹೊಟ್ಟೆ ಹೊರೆಯಬೇಕಾದವನು ಬಿಟ್ಟದ್ದನ್ನು, ಮೀನಿನಿಂದ ಏನೂ ಆಗಬೇಕಾಗಿಲ್ಲದ ಶ್ರೇಷ್ಠಿಗಳು ಹಣ ಕೊಟ್ಟು ತರುತ್ತಿದ್ದಾರೆ. ದಿಗಂಬರ ಸಂಪ್ರದಾಯದಲ್ಲಿ ಅರನಾಥ ತೀರ್ಥಂಕರರ ಲಾಂಛನ ಮೀನು. ಕಾರ್ಕಳದಲ್ಲಿ 1586ರಲ್ಲಿ ನಿರ್ಮಾಣವಾದ ಚತುರ್ಮುಖ ಬಸದಿಯಲ್ಲಿ ಮಲ್ಲಿನಾಥ, ಮುನಿಸುವ್ರತರೊಡನೆ ಅದೇ ಅರನಾಥರಿಗೆ ಕೈಮುಗಿದು ಬಂದವರು ಸಂಜೆ ಮನೆಯಲ್ಲಿ ನೋಡುವುದು ಈ ದೃಶ್ಯವನ್ನು.

ಅದೃಷ್ಟದ ಮಾತಿಗೆ ಹೆಚ್ಚು ಉತ್ತರ ಬೇಕಿಲ್ಲ. ಫ್ಲವರ್‌ಹಾರ್ನ್ ಎಂಬುದು 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಬೇರೆ ಬೇರೆ ಸಿಕ್ಲಿಡ್‌ಗಳನ್ನು ಬೆರೆಸಿ ತಯಾರಿಸಿದ ಮೀನು. ಅದಕ್ಕೆ ಮರಳಿಹೋಗಲು ಲೋಕದಲ್ಲಿ ಒಂದು ನದಿಯೂ ಇಲ್ಲ. ಅದರ ತಲೆಯ ಉಬ್ಬಿನಿಂದ ಸಂಪತ್ತು ಬರುತ್ತದೆಂದು ನಂಬುವವರು ಕರ್ಮಸಿದ್ಧಾಂತವನ್ನು ಎಲ್ಲಿ ಬಿಟ್ಟುಬಂದರೋ! ಕೆಂಪುಬಾಲದ ಕ್ಯಾಟ್‌ಫಿಶ್ ಅಂಗಡಿಯಲ್ಲಿ ಬೆರಳುದ್ದದ ಮುದ್ದಿನ ಮರಿ. ಅಮೆಜಾನ್ ನದಿಯಲ್ಲಿ ಅದು ಒಂದು ಮೀಟರ್ ಮೀರಿ ಬೆಳೆಯುತ್ತದೆ, ಬಾಯಿಗೆ ಹಿಡಿಸಿದ ಜೊತೆಗಾರನನ್ನು ರಾತ್ರಿ ನುಂಗುತ್ತದೆ. ತೊಟ್ಟಿಗೆ ತಕ್ಕಷ್ಟೇ ಬೆಳೆಯುತ್ತದೆಂಬ ಮಾತು ಸುಳ್ಳು. ಬೆಳವಣಿಗೆ ಕುಂಠಿತವಾದರೆ ಅದು ರೋಗವೇ ಹೊರತು ಹೊಂದಾಣಿಕೆಯಲ್ಲ. ಕಾನೂನು ಕೂಡ ಮೌನವಾಗಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಮನುಷ್ಯನನ್ನುಳಿದ ಎಲ್ಲ ಜೀವಿಗಳನ್ನೂ ಪ್ರಾಣಿಯೆಂದೇ ಎಣಿಸಿ, ಸಾಕಷ್ಟು ಚಲಿಸಲು ಆಗದ ಪಂಜರ ಅಥವಾ ಪಾತ್ರೆಯಲ್ಲಿ ಇಡುವುದನ್ನು ಅಪರಾಧವೆನ್ನುತ್ತದೆ.

ದೆಹಲಿಯ ಚಾಂದನಿ ಚೌಕದ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿರುವ ಪಕ್ಷಿಗಳ ಆಸ್ಪತ್ರೆ ಇಲ್ಲಿ ನೆನಪಾಗಬೇಕು. ಅಲ್ಲಿ ಹದ್ದು, ಗಿಡುಗಗಳಿಗೂ ಚಿಕಿತ್ಸೆಯುಂಟು, ಆದರೆ ಪಾರಿವಾಳ, ಗಿಳಿಗಳಂತೆ ಅವುಗಳನ್ನು ಒಳರೋಗಿಗಳಾಗಿ ಇರಿಸಿಕೊಳ್ಳುವ ಪದ್ಧತಿಯಿಲ್ಲ. ಬೇಟೆಯ ಹಕ್ಕಿಯನ್ನು ಆಸ್ಪತ್ರೆಯವರು ದ್ವೇಷಿಸಲಿಲ್ಲ. ಅದಕ್ಕೆ ಮಾಂಸ ತಿನ್ನಿಸುವ, ಇತರ ಹಕ್ಕಿಗಳ ನಡುವೆ ಇಡುವ ಹೊಣೆಯನ್ನು ತಾವು ಹೊರಲಿಲ್ಲ, ಅಷ್ಟೆ. ಟ್ರಸ್ಟಿನ ಆಡಳಿತ ನಡೆಸುವವರು ಅಕ್ವೇರಿಯಂ ದಾನ ಕೊಡಲು ಬಂದವರಿಗೆ ಈ ವಿವೇಕವನ್ನೇ ತೋರಿ, ವಿನಯದಿಂದ ಹಿಂದಿರುಗಿಸಬೇಕು.

ಈಗಾಗಲೇ ಇರುವ ಮೀನುಗಳ ಗತಿಯೇನು? ಜೀವದಯೆಯ ಹೆಸರಿನಲ್ಲಿ ಅವುಗಳನ್ನು ಊರಕೆರೆಗೆ ಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪಾದೀತು. ಉತ್ತರ ಅಮೆರಿಕದ ಅಲಿಗೇಟರ್ ಗಾರ್ ಎಂಬ ಮೊಸಳೆಮೂತಿಯ ಮೀನು 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಸಿಕ್ಕಿತು. ಅಕ್ವೇರಿಯಂಗೆಂದು ತಂದ ಸಕ್ಕರ್ ಮೀನು ದೇಶದ ಎಷ್ಟೋ ಕೆರೆಗಳಲ್ಲಿ ಬೇರೂರಿ ನಾಡಮೀನುಗಳ ನೆಲೆ ಕಸಿಯುತ್ತಿದೆ. ತಂದವರೇ ಅವುಗಳ ಆಯುಷ್ಯ ಮುಗಿಯುವವರೆಗೆ ಸಾಕಬೇಕು, ಆಹಾರದ ದೋಷವನ್ನೂ ತಮ್ಮದೆಂದೇ ಒಪ್ಪಿಕೊಂಡು. ಜಗಳಗಂಟ ಮೀನುಗಳನ್ನು ಬೇರೆ ಬೇರೆ ತೊಟ್ಟಿಗಳಲ್ಲಿ ಇರಿಸಬೇಕು. ಅದಾಗದಿದ್ದರೆ ನಡುವೆ ತೂತುಗಳಿರುವ ಅಡ್ಡಹಲಗೆಯನ್ನಾದರೂ ಇಂದೇ ಇಳಿಬಿಡಬೇಕು. ಏಟು ತಿಂದದ್ದಕ್ಕೆ ಅಡಗಲು ಮಡಕೆಯ ಚೂರೋ ಕಲ್ಲಿನ ಗವಿಯೋ ಇರಲಿ. ವಾರಕ್ಕೊಮ್ಮೆ ನೀರಿನ ಒಂದು ಪಾಲನ್ನು ಬದಲಾಯಿಸಬೇಕು. ಸತ್ತ ಮೀನಿನ ಜಾಗಕ್ಕೆ ಮತ್ತೊಂದನ್ನು ತರಕೂಡದು. ಖಾಲಿಯಾದ ತೊಟ್ಟಿಯನ್ನು ಮಾರಿದರೆ ಅದು ಇನ್ನೊಂದು ಮನೆಯಲ್ಲಿ ಮತ್ತೆ ತುಂಬುತ್ತದೆ; ಅದರ ಗಾಜನ್ನು ಬಿಡಿಸಿ ಬಸದಿಯ ಶಾಸ್ತ್ರಭಂಡಾರದ ಕಪಾಟುಗಳಿಗೆ ಹಾಕಿಸಬಹುದು.