ಹಾಡು ಗುಡಿಯೊಳಗೆ, ಹಾಡಿದವನು ಹೊಸ್ತಿಲಾಚೆ

ಊರಹಬ್ಬದಲ್ಲಿ ತಮಟೆ ಮುಂದೆ ಹೋಗುತ್ತೆ, ದೇವರು ಹಿಂದೆ ಬರುತ್ತೆ. ನೋಡಿದವರಿಗೆ ಮೆರವಣಿಗೆಯ ಯಜಮಾನ ತಮಟೆಯವನೇ ಅನ್ನಿಸಬೇಕು. ಗುಡಿ ಬಾಗಿಲು ಬಂದಾಗ ನಿಜ ಗೊತ್ತಾಗುತ್ತೆ. ದೇವರು ಒಳಕ್ಕೆ, ತಮಟೆ ಹೊರಕ್ಕೆ. ಸದ್ದು ಮಾತ್ರ ಗೋಡೆ ದಾಟಿ ಗರ್ಭಗುಡಿ ತನಕ ಹೋಗುತ್ತೆ. ಸದ್ದಿಗೆ ಮೈಲಿಗೆ ಇಲ್ಲವಲ್ಲ!

ಅಮೆರಿಕದ ಆಸ್ಕರ್ ಪ್ರಶಸ್ತಿಯಲ್ಲಿ ಸಿನಿಮಾ ಹಾಡಿಗೆಂದೇ ಒಂದು ವಿಭಾಗವಿದೆ. 1934ರ ಚಿತ್ರಗಳಿಂದ ಶುರುವಾದದ್ದು. ಅದರ ಚರಿತ್ರೆ ನೋಡಿದಾಗೆಲ್ಲ ನನಗೆ ಈ ಗುಡಿಯೇ ಕಣ್ಣಮುಂದೆ ಬರುತ್ತೆ.

2023ರ ಮಾರ್ಚಿಯಲ್ಲಿ ‘ಆರ್‌ಆರ್‌ಆರ್’ ಚಿತ್ರದ ‘ನಾಟು ನಾಟು’ ಗೆದ್ದಾಗ ದೇಶಕ್ಕೆ ದೇಶವೇ ಕುಣಿಯಿತು. ಆಗ ಹಿರಿಯ ಮೇಷ್ಟ್ರೊಬ್ಬರು ನನಗೆ ಹೇಳಿದರು: “ನಮ್ಮ ದಕ್ಷಿಣದ ಹಾಡಿಗೆ ಬಂದದೆ ಕಣಯ್ಯ. ಖುಷಿಪಡೋದು ಬಿಟ್ಟು ಅದ್ರಲ್ಲೂ ಹುಳುಕು ಹುಡುಕ್ತೀಯಲ್ಲ!” ಹುಳುಕು ನಾನು ಹುಡುಕಿದ್ದಲ್ಲ ಮೇಷ್ಟ್ರೇ, ಅದು ಕಣ್ಣಿಗೆ ಹೊಡೆಯುವ ಹಾಗೆ ಬಿದ್ದಿದೆ. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಹಳೆಯ ಲೆಕ್ಕ ತೆಗೆಯೋಣ.

1946ರಲ್ಲಿ ಡಿಸ್ನಿ ಕಂಪನಿ ‘ಸಾಂಗ್ ಆಫ್ ದಿ ಸೌತ್’ ಎಂಬ ಚಿತ್ರ ತೆಗೆಯಿತು. ಜಾರ್ಜಿಯಾದ ತೋಟವೊಂದರ ಕಥೆ. ಅಲ್ಲಿನ ಕಪ್ಪು ಮುದುಕ ಒಡೆಯನ ಮನೆಯ ಮಗುವಿಗೆ ನಗುನಗುತ್ತಾ ಕಥೆ ಹೇಳುತ್ತಾನೆ, ಹಾಡುತ್ತಾನೆ. ಚಾವಟಿ ಇಲ್ಲ, ಸಾಲ ಇಲ್ಲ, ಸಿಟ್ಟೂ ಇಲ್ಲ. ಜೀತದಾಳು ಸುಖವಾಗಿದ್ದ ಎಂದು ಹೇಳುವ ಕಥೆಗಳನ್ನು ನಾವು ಕೇಳಿಲ್ಲವೇ? ಅದೇ ಜಾತಿಯ ಕಥೆ. ಆ ಮುದುಕನ ಪಾತ್ರದವರು ಜೇಮ್ಸ್ ಬಾಸ್ಕೆಟ್. ಚಿತ್ರದ ಮೊದಲ ಪ್ರದರ್ಶನ ಅಟ್ಲಾಂಟಾದಲ್ಲಿ ನಡೆಯಿತು. ಅದು ಬಿಳಿಯರಿಗೆ ಬೇರೆ, ಕರಿಯರಿಗೆ ಬೇರೆ ಅಂತ ಗೆರೆ ಎಳೆದಿದ್ದ ಊರು. ಚಿತ್ರವನ್ನು ಹೆಗಲ ಮೇಲೆ ಹೊತ್ತ ನಟ ಅಲ್ಲಿಗೆ ಬರಲಾಗಲಿಲ್ಲ. ಅವರ ದನಿ ಮಾತ್ರ ಬಂತು, ತಮಟೆಯ ಸದ್ದಿನ ಹಾಗೆ.

1948ರಲ್ಲಿ ಆ ಚಿತ್ರದ ಹಾಡು ಆಸ್ಕರ್ ಗೆದ್ದಿತು. ನಿಯಮದ ಪ್ರಕಾರ ಪ್ರಶಸ್ತಿ ಹಾಡು ಬರೆದವರಿಗೆ, ರಾಗ ಹಾಕಿದವರಿಗೆ. ಹಾಡಿದವರಿಗೆ ಇಲ್ಲ. ಬರೆದವರು, ರಾಗ ಹಾಕಿದವರು ಇಬ್ಬರೂ ಬಿಳಿಯರು. ಬಾಸ್ಕೆಟ್‌ಗೆ 1948ರಲ್ಲಿ ಒಂದು ಗೌರವ ಪ್ರಶಸ್ತಿ ಕೊಟ್ಟರು. ಸ್ಪರ್ಧೆಯಲ್ಲಿ ಗೆದ್ದದ್ದಲ್ಲ, ಕರೆದು ಕೊಟ್ಟದ್ದು. ಕೆಲವೇ ತಿಂಗಳಲ್ಲಿ ಅವರು ತೀರಿಕೊಂಡರು. ಇವತ್ತು ಡಿಸ್ನಿ ಕಂಪನಿಯೇ ಆ ಚಿತ್ರವನ್ನು ಹೊರಗೆ ತೋರಿಸದೆ ಮುಚ್ಚಿಟ್ಟಿದೆ. ಪ್ರಶಸ್ತಿ ಮಾತ್ರ ಪಟ್ಟಿಯಲ್ಲಿ ಹಾಗೇ ಹೊಳೆಯುತ್ತಿದೆ.

ಆ ವಿಭಾಗದಲ್ಲಿ ಒಬ್ಬ ಕರಿಯ ಸಂಗೀತಗಾರ ಗೆಲ್ಲಲು 1972ರ ತನಕ ಕಾಯಬೇಕಾಯಿತು. ‘ಶಾಫ್ಟ್’ ಚಿತ್ರಕ್ಕೆ ಐಸಾಕ್ ಹೇಯ್ಸ್ ಗೆದ್ದರು. ಅದೇ 1972ರಲ್ಲಿ ಬೊಂಬಾಯಿಯ ಕೇರಿಗಳ ಹುಡುಗರು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್‌ಗಳ ಹೆಸರು ತಗೊಂಡು ದಲಿತ ಪ್ಯಾಂಥರ್ಸ್ ಕಟ್ಟಿದರು. ಹಾಗಾಗಿ ಅಲ್ಲಿನ ಲೆಕ್ಕ ನಮಗೇಕೆ ಎನ್ನುವವರಿಗೆ ಒಂದೇ ಮಾತು: ಆ ಲೆಕ್ಕದ ಪುಸ್ತಕದಲ್ಲಿ ನಮ್ಮ ಹೆಸರೂ ಇದೆ.

“ಅದೆಲ್ಲ ಹಳೇದು, ಕಾಲ ಬದಲಾಗಿದೆ” ಎನ್ನುತ್ತೀರಾ? 2015ಕ್ಕೆ ಬನ್ನಿ. ‘ಸೆಲ್ಮಾ’ ಎಂಬ ಚಿತ್ರ. 1965ರಲ್ಲಿ ಮತದ ಹಕ್ಕಿಗಾಗಿ ಮಾರ್ಟಿನ್ ಲೂಥರ್ ಕಿಂಗ್ ಮುಂದಾಳತ್ವದಲ್ಲಿ ನಡೆದ ಕಾಲ್ನಡಿಗೆಯ ಕಥೆ. ನಿರ್ದೇಶಕಿ ಏವಾ ಡುವರ್ನೆ, ಕಪ್ಪು ಹೆಣ್ಣುಮಗಳು. ಅತ್ಯುತ್ತಮ ಚಿತ್ರದ ಪಟ್ಟಿಗೆ ಅದು ಸೇರಿತು. ಆದರೆ ನಿರ್ದೇಶಕರ ಪಟ್ಟಿಯಲ್ಲಿ ಆಕೆಯ ಹೆಸರಿಲ್ಲ. ನಟನೆಯ ನಾಲ್ಕು ವಿಭಾಗಗಳಲ್ಲಿ 20 ಹೆಸರು; 20ಕ್ಕೆ 20 ಬಿಳಿಯರು! ಚಿತ್ರ ಒಳ್ಳೆಯದಂತೆ, ಮಾಡಿದವಳು ಲೆಕ್ಕಕ್ಕಿಲ್ಲವಂತೆ. ಇದು ಯಾವ ಗಣಿತ ಸ್ವಾಮಿ?

ಕೊನೆಗೆ ಆ ಚಿತ್ರಕ್ಕೆ ಸಿಕ್ಕಿದ್ದು ಒಂದೇ ಪ್ರಶಸ್ತಿ. ಯಾವುದು? ಹಾಡು! ಜಾನ್ ಲೆಜೆಂಡ್ ಮತ್ತು ಕಾಮನ್ ವೇದಿಕೆಯ ಮೇಲೆ ‘ಗ್ಲೋರಿ’ ಹಾಡಿದಾಗ ಸಭೆ ಎದ್ದು ನಿಂತಿತು, ಕಣ್ಣೀರು ಸುರಿಸಿತು. ಪ್ರಶಸ್ತಿ ಹಿಡಿದು ಲೆಜೆಂಡ್ ಕೇಳಿಸಬೇಕಾದ್ದನ್ನೇ ಕೇಳಿಸಿದರು. ಹೋರಾಡಿ ಪಡೆದ ಮತದ ಹಕ್ಕಿನ ಕಾಯ್ದೆಯನ್ನು ಈಗ ಸಡಿಲ ಮಾಡುತ್ತಿದ್ದಾರೆ ಎಂದರು. 1850ರಲ್ಲಿ ಗುಲಾಮರಾಗಿದ್ದ ಕಪ್ಪು ಗಂಡಸರಿಗಿಂತ ಹೆಚ್ಚು ಮಂದಿ ಇಂದು ಜೈಲು ವ್ಯವಸ್ಥೆಯ ಹಿಡಿತದಲ್ಲಿದ್ದಾರೆ ಎಂದರು. ಸಭೆ ಅದಕ್ಕೂ ಚಪ್ಪಾಳೆ ತಟ್ಟಿತು. ಅಳುವುದು ಸುಲಭ. ಕುರ್ಚಿ ಬಿಟ್ಟುಕೊಡುವುದು ಕಷ್ಟ. ಮಾರನೆಯ ವರ್ಷವೂ ನಟನೆಯ 20 ಹೆಸರುಗಳೂ ಬಿಳಿಯರವೇ ಆಗಿದ್ದವು.

ಈಗ ‘ನಾಟು ನಾಟು’ಗೆ ಬರೋಣ. ಕೀರವಾಣಿಯವರ ರಾಗದ ಬಗ್ಗೆ, ಚಂದ್ರಬೋಸರ ಮಾತಿನ ಬಗ್ಗೆ ನನಗೆ ತಕರಾರಿಲ್ಲ. ಹಳ್ಳಿಯ ನೆಲದ ಕಸುವು ಅದರಲ್ಲಿದೆ. ನನ್ನ ಕಾಲೂ ಕುಣಿದಿದೆ, ಸುಳ್ಳು ಯಾಕೆ ಹೇಳಲಿ? ತಕರಾರು ಇರುವುದು ಕಥೆಯಲ್ಲಿ. ಕುಣಿಯುವ ಇಬ್ಬರಲ್ಲಿ ಒಬ್ಬ ಕೊಮರಂ ಭೀಮ. ನಿಜವಾದ ಭೀಮ ಗೊಂಡರ ನಾಯಕ. ನೀರು, ಕಾಡು, ನೆಲ ನಮ್ಮದು ಎಂದು ನಿಜಾಮನ ಆಡಳಿತದ ವಿರುದ್ಧ ಬಂಡೆದ್ದು 1940ರಲ್ಲಿ ಜೋಡೆಘಾಟ್‌ನಲ್ಲಿ ಪ್ರಾಣ ಕೊಟ್ಟವನು. ಸಿನಿಮಾದಲ್ಲಿ ಅವನ ನೆಲದ ಜಗಳವೇ ಮಾಯ. ಬ್ರಿಟಿಷರ ಔತಣದಲ್ಲಿ ಕುಣಿತದ ಪಂದ್ಯ ನಡೆದು, ಕೊನೆಗೆ ಉಳಿಯುವವರು ಇಬ್ಬರೇ. ಆಗ ರಾಮರಾಜು ಬೇಕೆಂದೇ ಬಿದ್ದು ಭೀಮನನ್ನು ಗೆಲ್ಲಿಸುತ್ತಾನೆ. ನೋಡಿದಿರಾ? ಆದಿವಾಸಿಯ ಗೆಲುವೂ ದಾನ! ಕಡೆಯಲ್ಲಿ ಒಬ್ಬ ರಾಮನ ವೇಷದಲ್ಲಿ ಬಿಲ್ಲು ಹಿಡಿಯುತ್ತಾನೆ, ಇನ್ನೊಬ್ಬ ಅವನ ಮುಂದೆ ಅಕ್ಷರ ಕಲಿಸು ಎಂದು ಕೇಳುತ್ತಾನೆ. ಬಿಳಿಯನ ಎದುರು ಇಬ್ಬರೂ ಸಮ. ಮನೆಯೊಳಗೆ ಒಬ್ಬ ಗುರು, ಒಬ್ಬ ಶಿಷ್ಯ. ಏಕಲವ್ಯನ ಕಥೆ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಇಂಥ ಅಂಗಳಕ್ಕೆ ನಮ್ಮವರು ಹೋಗಲೇಬಾರದೇ? ಹಾಗೆ ಹೇಳುವವನು ನಾನಲ್ಲ. 2024ರಲ್ಲಿ ಸ್ಕಾಟ್ ಜಾರ್ಜ್ ಹೋದರು. ಓಸೇಜ್ ಎಂಬ ಮೂಲನಿವಾಸಿ ಜನದವರು. 1920ರ ದಶಕದಲ್ಲಿ ಓಕ್ಲಹೋಮಾದಲ್ಲಿ ಅವರ ನೆಲದಡಿಯ ಎಣ್ಣೆಯ ಹಣಕ್ಕಾಗಿ ಬಿಳಿಯರು ಮದುವೆಯ ಹೆಸರಲ್ಲಿ ಮನೆ ಹೊಕ್ಕು, ಒಬ್ಬೊಬ್ಬರನ್ನೇ ಕೊಂದರು. ಆ ಕಥೆಯ ‘ಕಿಲ್ಲರ್ಸ್ ಆಫ್ ದಿ ಫ್ಲವರ್ ಮೂನ್’ ಚಿತ್ರಕ್ಕೆ ಜಾರ್ಜ್ ಹಾಡು ಕಟ್ಟಿದರು. ತಮ್ಮ ಆಚರಣೆಯ ಹಾಡುಗಳನ್ನು ಸಿನಿಮಾದವರ ಕೈಗೆ ಕೊಡಲಿಲ್ಲ. ಹೊಸದೊಂದನ್ನು ತಮ್ಮ ಭಾಷೆಯಲ್ಲೇ ಕಟ್ಟಿಕೊಟ್ಟರು. ಪ್ರಶಸ್ತಿಯ ರಾತ್ರಿ ದೊಡ್ಡ ನಗಾರಿಯ ಸುತ್ತ ತಮ್ಮ ಜನರೊಂದಿಗೆ ಕೂತು ಬಾರಿಸಿ ಹಾಡಿದರು. ‘ಬಾರ್ಬಿ’ ಚಿತ್ರದ ಹಾಡು ಗೆದ್ದಿತು. ಓಸೇಜರ ಚಿತ್ರಕ್ಕೆ 10 ನಾಮಕರಣ, ಪ್ರಶಸ್ತಿ ಸೊನ್ನೆ. ಸೋತರೇ? ನನಗೆ ಹಾಗನ್ನಿಸುವುದಿಲ್ಲ. ಏನು ಕೊಡಬೇಕು, ಏನು ಕೊಡಬಾರದು ಎಂದು ತೀರ್ಮಾನಿಸಿದವರು ಅವರೇ.

ಗೆಳೆಯರೇ, ನಮ್ಮ ಕಾರಂತರ ಚೋಮನನ್ನು ನೆನೆಯಿರಿ. ಅವನ ದುಡಿಯನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಅವನು ಕೇಳಿದ್ದು ಉಳಲು ತುಂಡು ಭೂಮಿ. ಅದನ್ನು ಕೊಡಲಿಲ್ಲ. 1975ರಲ್ಲಿ ಸಿನಿಮಾ ಆಗಿ ಆ ದುಡಿಗೂ ರಾಷ್ಟ್ರಪ್ರಶಸ್ತಿ ಬಂತು.

ಆದ್ದರಿಂದ ಹಾಸ್ಟೆಲಿನ ಹುಡುಗರಿಗೆ, ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ನನ್ನದೊಂದು ಕೋರಿಕೆ. ನಾಳೆ ಯಾವುದೋ ಹಾಡಿಗೆ ಪ್ರಶಸ್ತಿ ಬಂತೆಂದು ಪಟಾಕಿ ಹೊಡೆದರೆ ಕುಣಿಯಿರಿ, ಬೇಡವೆನ್ನುವುದಿಲ್ಲ. ಕುಣಿದು ಬೆವರು ಒರೆಸಿಕೊಂಡ ಮೇಲೆ ಕೇಳಿ: ಈ ತಾಳ ಯಾರದು? ಹಣ ಯಾರಿಗೆ? ಕಥೆಯಲ್ಲಿ ನಮ್ಮವನು ನಿಂತಿದ್ದಾನೋ, ಬಗ್ಗಿದ್ದಾನೋ? ತೀರ್ಪು ಕೊಡುವ ಜಗಲಿಯ ಮೇಲೆ ನಮ್ಮವರು ಎಷ್ಟು ಮಂದಿ?

ಸದ್ದು ಒಳಗೆ ಹೋಗಿ ಬಹಳ ಕಾಲವಾಯಿತು. ಇನ್ನು ತಮಟೆ ಹಿಡಿದ ಕೈ ಒಳಗೆ ಹೋಗಬೇಕು.